ಒಂದು ರೇಡಿಯೇಟರಿಗೆ ಎಷ್ಟು ತಲೆ

ಸಿಟ್ಟು ಬಂದಾಗ ಸಲೂನಿನವನ ಕತ್ತರಿ ಕೂದಲಿಲ್ಲದ ಕಡೆಯೂ ಓಡುತ್ತಿತ್ತು. ಕಿವಿಯ ಪಕ್ಕ ಬರೀ ಗಾಳಿಯಲ್ಲಿ ಕಚಕಚ ಎನ್ನತೊಡಗಿತೆಂದರೆ ಕುರ್ಚಿಯಲ್ಲಿ ಕೂತವನಿಗೆ ಗೊತ್ತಾಗಿಬಿಡುತ್ತಿತ್ತು, ಇನ್ನು ಎದ್ದು ಹೋಗುವವರೆಗೂ ಕಾರಿನ ಕಥೆ ಕೇಳಬೇಕು ಎಂದು. ಆ ವರ್ಷ ಆ ಬೀದಿಯ ಗಂಡಸರೆಲ್ಲ ಆ ಕಥೆಯನ್ನು ತಿಂಗಳಿಗೊಮ್ಮೆ ಕೇಳಿದರು. ಗಡ್ಡ ಬೇಗ ಬೆಳೆಯುವ ಪಾಪದವರು ವಾರಕ್ಕೆರಡು ಸಲ ಕೇಳಿದರು.

ಕಾರು ಅಂಗಡಿಯ ಎದುರಿಗೇ ನಿಂತಿತ್ತು. ಬೂದು ಬಣ್ಣದ್ದು, ಹಿಂದೆ ದೊಡ್ಡ ಡಿಕ್ಕಿ ಇರುವ ಉದ್ದನೆಯ ಸೆಡಾನು, ಒಂದು ಕಾಲದಲ್ಲಿ ದೊಡ್ಡ ಮನುಷ್ಯರು ಹಿಂದಿನ ಸೀಟಿನಲ್ಲಿ ಕೂತು ಓಡಾಡುತ್ತಿದ್ದಂಥದ್ದು. ಈಗ ಅದರ ಬಾನೆಟ್ ಹಗಲಿಡೀ ಮೇಲೆತ್ತಿಯೇ ಇರುತ್ತಿತ್ತು. ರಿಪೇರಿಗೆಂದಲ್ಲ. ಬೀದಿಯಲ್ಲಿ ಹೋಗಿ ಬರುವವರೆಲ್ಲ ಒಳಗಿನ ಹೊಲಸನ್ನು ಕಣ್ಣಾರೆ ನೋಡಲಿ ಎಂದು ಸಲೂನಿನವನೇ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದ ಕೂಡಲೇ ಅದನ್ನೂ ತೆಗೆದಿಡುತ್ತಿದ್ದ.

ಅದನ್ನು ಅವನಿಗೆ ಮಾರಿದವನು ಬೀದಿಯ ತಿರುವಿನಲ್ಲಿ ತಗಡಿನ ಚಾವಣಿಯ ಕೆಳಗೆ ಹಳೇ ಕಾರುಗಳನ್ನು ಸಾಲಾಗಿ ನಿಲ್ಲಿಸಿಕೊಂಡಿದ್ದ ವ್ಯಾಪಾರಿ. ಎಲ್ಲರೂ ಅವನನ್ನು ನಗುಮುಖ ಎಂದೇ ಕರೆಯುತ್ತಿದ್ದರು. ಬೈದರೂ ನಗುತ್ತಿದ್ದ, ಹೊಗಳಿದರೂ ನಗುತ್ತಿದ್ದ, ಸಾವಿನ ಮನೆಗೆ ಹೋದರೂ ತುಟಿಯ ತುದಿ ಮೇಲೇ ಇರುತ್ತಿತ್ತು. ಅವನೂ ಇದೇ ಸಲೂನಿನ ಗಿರಾಕಿಯೇ. ಆ ಕುರ್ಚಿಯಲ್ಲೇ ಒರಗಿ, ಮುಖದ ತುಂಬ ನೊರೆ ಬಳಿಸಿಕೊಂಡು, ಕಾರನ್ನು ಒಬ್ಬ ಡಾಕ್ಟರು ಮನೆಯಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ಮನೆಗೆ ಅಷ್ಟೇ ಓಡಿಸಿದ್ದು ಎಂದು ಹೇಳಿದ್ದ. ಸಲೂನಿನವ ನಂಬಿದ. ಮುದುಕರ ತಲೆಗೆ ಕರಿಬಣ್ಣ ಹಚ್ಚಿ ವಯಸ್ಸು ಮರೆಮಾಚುವುದೇ ಹೊಟ್ಟೆಪಾಡಾದ ಮನುಷ್ಯ, ಕಾರಿನ ಹೊಸ ಪಾಲಿಶ್ ನೋಡಿ ಮರುಳಾದ ಎಂದರೆ ಏನು ಹೇಳೋಣ! ಅದನ್ನು ನೆನೆದಾಗಲೆಲ್ಲ ಅವನಿಗೆ ತನ್ನ ಕೆನ್ನೆಗೇ ಬಾರಿಸಿಕೊಳ್ಳಬೇಕು ಎನ್ನಿಸುತ್ತಿತ್ತು.

ಕಾರು ಬೇಕಾಗಿದ್ದದ್ದು ಹೆಂಡತಿಗಾಗಿ. ಅವಳ ಸೊಂಟದ ಕೀಲು ಸವೆದು ಬಸ್ಸಿನ ಮೆಟ್ಟಿಲು ಹತ್ತುವುದು ಆಗುತ್ತಿರಲಿಲ್ಲ. ಸಲೂನಿನ ಟವೆಲ್ಲುಗಳನ್ನು ಒಗೆದು, ಒಣಗಿಸಿ, ಮಡಿಸಿ ಕೊಡುವ ಕೆಲಸವನ್ನು ಕೂತಲ್ಲೇ ಮಾಡುತ್ತಿದ್ದಳು. ಅವಳಿಗೆ ತಾಯಿಯಂತೆ ಇದ್ದವಳು ಒಬ್ಬ ಅಕ್ಕ, ಅರ್ಧ ದಿನದ ದಾರಿಯಷ್ಟು ದೂರದ ಇನ್ನೊಂದು ಊರಿನಲ್ಲಿ. ಇಬ್ಬರೂ ದಿನಾ ಸಂಜೆ ಫೋನಿನಲ್ಲಿ ಮಾತಾಡಿಕೊಳ್ಳುತ್ತಿದ್ದರು, ಫೋನ್ ಇಟ್ಟ ಮೇಲೆ ಇವಳು ಬೀದಿಯ ಕಡೆ ನೋಡುತ್ತ ಕೂರುತ್ತಿದ್ದಳು. ಅದನ್ನು ನೋಡಲಾಗದೆ ಅವನು ಕೂಡಿಟ್ಟದ್ದನ್ನೆಲ್ಲ ತೆಗೆದು ಕಾರು ಕೊಂಡ. ಇನ್ನು ಮೇಲೆ ಬೇಕಾದಾಗ ಅಕ್ಕನ ಮನೆಗೆ ಹೋಗು ಎಂದ. ಅವಳು ಮಡಿಸುತ್ತಿದ್ದ ಟವೆಲ್ಲನ್ನು ಅಲ್ಲೇ ಬಿಟ್ಟು ಕೋಲೂರಿಕೊಂಡು ಹೊರಗೆ ಬಂದು ಕಾರಿನ ಸುತ್ತ ಒಂದು ಸುತ್ತು ಬಂದಳು.

ಆಮೇಲೆ ಶುರುವಾಯಿತು ನೋಡಿ ಕಾರಿನ ಆಟ. ಮೊದಲು ಬ್ಯಾಟರಿ ಕೈಕೊಟ್ಟಿತು. ಅದನ್ನು ಬದಲಾಯಿಸಿದರೆ ಡೈನಮೋ ಚಾರ್ಜ್ ಮಾಡುತ್ತಿಲ್ಲ ಎಂದು ಗ್ಯಾರೇಜಿನ ಮೇಸ್ತ್ರಿ ಹೇಳಿದ. ಅದು ಮುಗಿಯುವಷ್ಟರಲ್ಲಿ ಮುಂದಿನ ಚಕ್ರಗಳ ಬಳಿ ಹಳ್ಳಕ್ಕೆ ಬಿದ್ದಾಗಲೆಲ್ಲ ಟಕಟಕ ಸದ್ದು. ಚಕ್ರದ ಕೀಲಿನ ಬುಷ್ಷುಗಳ ರಬ್ಬರು ಪುಡಿಪುಡಿಯಾಗಿದೆ, ಹಾಗೇ ಬಿಟ್ಟರೆ ಟೈರು ಒಂದೇ ಕಡೆ ಸವೆಯುತ್ತದೆ ಎಂದ ಮೇಸ್ತ್ರಿ. ಬುಷ್ ಹಾಕಿಸಿದ ವಾರವೇ ಸ್ಟೇರಿಂಗು ಗಟ್ಟಿಯಾಯಿತು, ಕೆಳಗೆ ಎಣ್ಣೆ ಸೋರಿ ನೆಲವೆಲ್ಲ ಕಲೆ. ಆಮೇಲೆ ಕ್ಲಚ್ಚು. ಏಸಿಯ ಮಾತಂತೂ ಬೇಡವೇ ಬೇಡ, ಅದರ ಕಂಪ್ರೆಸರಿನ ಬೆಲೆ ಕೇಳಿ ಸಲೂನಿನವ ಕಿಟಕಿ ಇಳಿಸಿಕೊಂಡು ಓಡಿಸುವುದೇ ಆರೋಗ್ಯಕ್ಕೆ ಒಳ್ಳೆಯದು ಎಂದು ತೀರ್ಮಾನಿಸಿದ.

ಅವನು ಎಲ್ಲ ಖರ್ಚನ್ನೂ ತಲೆಯಲ್ಲೇ ಲೆಕ್ಕ ಹಾಕುತ್ತಿದ್ದ. ಅಂದರೆ ಕತ್ತರಿಸಬೇಕಾದ ತಲೆಗಳಲ್ಲಿ. ಬ್ಯಾಟರಿಗೆ ಐವತ್ತು ತಲೆ. ಕ್ಲಚ್ಚಿಗೆ, ಕೂಲಿ ಸೇರಿ, ಇನ್ನೂರು ತಲೆ. ಗಡ್ಡವನ್ನು ಅವನು ಅರ್ಧ ತಲೆ ಎಂದು ಹಿಡಿಯುತ್ತಿದ್ದ. ಮೇಸ್ತ್ರಿ ಬಿಲ್ಲು ಹೇಳುತ್ತಿದ್ದಂತೆ ಇವನ ಕಣ್ಣ ಮುಂದೆ ಬೀದಿಯ ಜನರೆಲ್ಲ ಬಿಳಿ ಬಟ್ಟೆ ಹೊದ್ದು ಸಾಲಾಗಿ ಕೂತುಬಿಡುತ್ತಿದ್ದರು. ಹಳೇ ಕಾರು ಹಾಗೇ, ಒಂದು ಭಾಗ ಹೊಸದು ಹಾಕಿದರೆ ಪಕ್ಕದ ಹಳೆಯದಕ್ಕೆ ತಡೆಯಲು ಆಗುವುದಿಲ್ಲ ಎಂದು ಮೇಸ್ತ್ರಿ ಸಮಾಧಾನ ಹೇಳುತ್ತಿದ್ದ. ಅಷ್ಟನ್ನೂ ಅವನು ಸಹಿಸಿಕೊಂಡ. ಬುಷ್ಷು, ಬ್ಯಾಟರಿ, ಎಣ್ಣೆ ಇವುಗಳಿಗಾಗಿ ಯಾರ ಮೇಲೂ ಹಲ್ಲು ಮಸೆಯಲಿಲ್ಲ.

ಹಲ್ಲು ಮಸೆದದ್ದು ಅಕ್ಕ ಸತ್ತ ದಿನದಿಂದ.

ಬೆಳಿಗ್ಗೆ ಫೋನ್ ಬಂತು, ಅಕ್ಕನಿಗೆ ಮೇಲುಸಿರು ಬಂದಿದೆ, ತಂಗಿಯನ್ನು ಕೇಳುತ್ತಿದ್ದಾಳೆ, ಕೂಡಲೇ ಹೊರಡಿ ಎಂದು. ಇಬ್ಬರೂ ಇದ್ದ ಬಟ್ಟೆಯಲ್ಲೇ ಹೊರಟರು. ಅರ್ಧ ದಾರಿ ಕಳೆದಿರಲಿಲ್ಲ, ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಏರಿತು. ಅವನು ಗಾಡಿ ಪಕ್ಕಕ್ಕೆ ತಂದು ನಿಲ್ಲಿಸುವಷ್ಟರಲ್ಲಿ ಬಾನೆಟ್ಟಿನ ಸಂದಿಯಿಂದ ಬುಸ್ಸೆಂದು ಹಬೆ. ಎಂಜಿನ್ ನಿಂತದ್ದು ನಿಂತೇ ಹೋಯಿತು. ಸುತ್ತ ಬಯಲು, ಮರದ ನೆರಳೂ ಇಲ್ಲ. ಕೈ ಅಡ್ಡ ಹಾಕಿದರೆ ಯಾವ ಕಾರೂ ನಿಲ್ಲಲಿಲ್ಲ. ಒಂದು ಬಸ್ಸು ಮಾತ್ರ ನಿಂತಿತು. ಅವಳು ಕಂಬಿ ಹಿಡಿದು ಮೆಟ್ಟಿಲ ಮೇಲೆ ಒಂದು ಕಾಲಿಟ್ಟಳು, ಇನ್ನೊಂದು ಕಾಲು ಏಳಲೇ ಇಲ್ಲ. ಇವನು ಹಿಂದಿನಿಂದ ಎತ್ತಲು ಹೋದ, ನೋವಿಗೆ ಅವಳು ಕಿರುಚಿದಳು. ಕಂಡಕ್ಟರು ಹೊತ್ತಾಯಿತು ಎಂದು ಸೀಟಿ ಊದಿದ. ಕೊನೆಗೆ ತರಕಾರಿ ಸಾಗಿಸುವ ಚಿಕ್ಕ ವ್ಯಾನಿನವನೊಬ್ಬ ಹಿಂದಿನ ಬಾಗಿಲು ಇಳಿಸಿ, ಖಾಲಿ ಬುಟ್ಟಿಗಳ ನಡುವೆ ಅವಳನ್ನು ಮಲಗಿಸಿಕೊಂಡು ಕರೆದೊಯ್ದ. ಇವರು ತಲುಪಿದಾಗ ಅಕ್ಕ ಕಣ್ಣು ಮುಚ್ಚಿಯಾಗಿತ್ತು. ತಂಗಿ ಬಂದಳಾ, ತಂಗಿ ಬಂದಳಾ ಎಂದು ಕೇಳುತ್ತಲೇ ಹೋದಳು ಎಂದು ಪಕ್ಕದ ಮನೆಯವಳು ಹೇಳಿದಳು. ಸಲೂನಿನವನ ಹೆಂಡತಿ ಅಳಲಿಲ್ಲ. ಅಕ್ಕನ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಕೂತಳು, ಜನ ಬಂದು ಬಿಡಿಸುವವರೆಗೂ ಬಿಡಲಿಲ್ಲ.

ಕಾರನ್ನು ಎಳೆಸಿ ತಂದ ಮೇಲೆ ಮೇಸ್ತ್ರಿ ರೇಡಿಯೇಟರ್ ಬಿಚ್ಚಿದ. ಒಳಗೆಲ್ಲ ಕಂದು ಬಣ್ಣದ ಗಟ್ಟಿ ಅಂಟು. ಸೋರುವ ರೇಡಿಯೇಟರಿಗೆ ಒಂದು ಪುಡಿ ಹಾಕುತ್ತಾರೆ, ಅದು ತೂತಿಗೆ ಕಚ್ಚಿಕೊಂಡು ಕೆಲವು ದಿನ ನೀರು ನಿಲ್ಲಿಸುತ್ತದೆ, ಆಮೇಲೆ ನೀರು ಹರಿಯುವ ದಾರಿಯನ್ನೇ ಕಟ್ಟಿಬಿಡುತ್ತದೆ ಎಂದು ಅವನು ವಿವರಿಸಿದ. ಇಲ್ಲಿ ಹಾಕಿದ್ದು ಒಂದು ಪೊಟ್ಟಣವಲ್ಲ, ಹಿಡಿಗಟ್ಟಲೆ. ತನ್ನ ಗ್ಯಾರೇಜಿನಲ್ಲಂತೂ ಯಾರೂ ಹಾಕಿಲ್ಲ, ಮಾರುವ ಮುಂಚೆಯೇ ಹಾಕಿದ್ದು ಎಂದ. ಬಿಸಿಗೆ ಎಂಜಿನ್ನಿನ ತಲೆ, ಅಂದರೆ ಮೇಲಿನ ಮುಚ್ಚಳ, ಬಾಗಿಹೋಗಿತ್ತು. ರಿಪೇರಿಯ ಖರ್ಚು ಕೇಳಿದಾಗ ಸಲೂನಿನವ ಲೆಕ್ಕ ಹಾಕಲಿಲ್ಲ. ಊರಿನಲ್ಲಿ ಅಷ್ಟು ತಲೆಗಳೇ ಇರಲಿಲ್ಲ.

ಅಲ್ಲಿಂದ ನೆಟ್ಟಗೆ ತಗಡಿನ ಚಾವಣಿಗೆ ಹೋದ. ಗೊತ್ತಿದ್ದೂ ಮಾರಿದೆಯಾ ಎಂದು ಕೇಳಿದ. ನಗುಮುಖ ನಕ್ಕ. ಕಾರು ಕೊಟ್ಟಾಗ ಚೆನ್ನಾಗೇ ಇತ್ತು, ಓಡಿಸಿದವರಿಗೆ ಓಡಿಸಲು ಬರಲಿಲ್ಲ ಎಂದ. ಸಾಲದ್ದಕ್ಕೆ ಒಂದು ಕಪ್ ಟೀ ತರಿಸಲೇ ಎಂದೂ ಕೇಳಿದ.

ಆ ನಗು ಸಲೂನಿನವನ ಹೊಟ್ಟೆಯೊಳಗೆ ಇಳಿದು ಕೂತಿತು. ಅವನಿಗೆ ದುಡ್ಡು ವಾಪಸು ಬೇಕಿರಲಿಲ್ಲ. ನಾಲ್ಕು ಜನರ ಎದುರು ಆ ಬಾಯಿಯಿಂದಲೇ, ಗೊತ್ತಿತ್ತು, ಗೊತ್ತಿದ್ದೂ ಮಾರಿದೆ ಎಂಬ ಮಾತು ಬರಬೇಕು. ಅದು ಬರುವವರೆಗೆ ತನಗೆ ನೆಮ್ಮದಿಯಿಲ್ಲ, ಅವನನ್ನೂ ನೆಮ್ಮದಿಯಾಗಿ ಇರಗೊಡುವುದಿಲ್ಲ ಎಂದು ಹಠ ತೊಟ್ಟ.

ಅವನ ಕೈಯಲ್ಲಿದ್ದ ಆಯುಧ ನಾಲಿಗೆ. ಸಲೂನಿಗೆ ಬಂದವನು ಎಲ್ಲಿಗೆ ಓಡಿಹೋಗುತ್ತಾನೆ? ಕುತ್ತಿಗೆಗೆ ಬಟ್ಟೆ ಬಿಗಿದು, ಮುಖಕ್ಕೆ ನೊರೆ ಬಳಿದು, ಸಲೂನಿನವ ಬ್ಯಾಟರಿಯಿಂದ ಶುರು ಮಾಡುತ್ತಿದ್ದ. ಒಂದೊಂದು ಭಾಗ, ಒಂದೊಂದರ ಖರ್ಚು, ಒಂದೊಂದಕ್ಕೆ ಎಷ್ಟು ತಲೆ. ಕೊನೆಗೆ ರೇಡಿಯೇಟರು, ಪುಡಿ, ನಗುಮುಖನ ಮೋಸ. ಅವನು ಮೋಸಗಾರನೇ ಅಲ್ಲವಾ ಎಂದು ಕೇಳಿದರೆ ಕುರ್ಚಿಯಲ್ಲಿದ್ದವರು ಹೂಂ ಎನ್ನುತ್ತಿದ್ದರು. ಅವನ ಹತ್ತಿರ ನೀವು ಕಾರು ತಗೋತೀರಾ ಎಂದರೆ ಉಹೂಂ ಎನ್ನುತ್ತಿದ್ದರು. ಔಷಧಿ ಅಂಗಡಿಯವನಂತೂ ಪ್ರತಿ ಮಾತಿಗೂ ಹೂಂಗುಟ್ಟುತ್ತಿದ್ದ. ಇಡೀ ಬೀದಿ ತನ್ನ ಕಡೆಗಿದೆ ಎಂದು ಸಲೂನಿನವ ಒಳಗೊಳಗೇ ಹಿಗ್ಗಿದ. ನಗುಮುಖ ಬೇರೆ ಸಲೂನಿಗೆ ಹೋಗತೊಡಗಿದ್ದು ಅವನಿಗೆ ಅರ್ಧ ಗೆಲುವಿನಂತೆ ಕಂಡಿತು.

ಮನೆಗೆ ಬಂದು ಹೆಂಡತಿಗೆ ದಿನಾ ವರದಿ ಒಪ್ಪಿಸುತ್ತಿದ್ದ. ಇವತ್ತು ಇಷ್ಟು ಜನಕ್ಕೆ ಹೇಳಿದೆ, ಇಂಥವರು ಥೂ ಅಂದರು, ಅವನ ಮುಖಕ್ಕೆ ಮಸಿ ಬಳಿಯದೆ ಬಿಡುವುದಿಲ್ಲ. ಅವಳು ಟವೆಲ್ಲು ಮಡಿಸುತ್ತ ಕೇಳುತ್ತಿದ್ದಳು. ಸಂಜೆ ಫೋನ್ ಬರುತ್ತಿದ್ದ ಹೊತ್ತಿಗೆ ಮಾತ್ರ ಎದ್ದು ಒಳಗೆ ಹೋಗುತ್ತಿದ್ದಳು. ಅವನು ಗೋಡೆಯ ಈಚೆಯಿಂದ ಉಳಿದ ಕಥೆ ಮುಂದುವರಿಸುತ್ತಿದ್ದ.

ಹೀಗಿರುವಾಗ ಬೀದಿಯ ವರ್ತಕರ ಸಂಘಕ್ಕೆ ಹೊಸ ಅಧ್ಯಕ್ಷನನ್ನು ಆರಿಸುವ ಸಭೆ ಬಂತು. ನಿಂತವನು ಒಬ್ಬನೇ, ನಗುಮುಖ. ಸಲೂನಿನವನಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಇನ್ನೆಲ್ಲಿ ಸಿಗಬೇಕು? ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿ ಮುಂದಿನ ಸಾಲಿನಲ್ಲೇ ಕೂತ. ಯಾರದಾದರೂ ಆಕ್ಷೇಪಣೆ ಇದೆಯೇ ಎಂದು ಕೇಳಿದ್ದೇ ತಡ, ಎದ್ದು ನಿಂತು ಬ್ಯಾಟರಿಯಿಂದ ಶುರು ಮಾಡಿದ. ಡೈನಮೋಗೆ ಬರುವಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಯಾರೋ ಆಕಳಿಸಿದರು. ಸ್ಟೇರಿಂಗಿಗೆ ಬರುವಷ್ಟರಲ್ಲಿ ಕುರ್ಚಿಗಳು ಕಿರುಗುಟ್ಟಿದವು. ಸಲೂನಿನವ ಅವಸರದಲ್ಲಿ ಉಳಿದದ್ದನ್ನು ಹಾರಿಸಿ, ಈ ನಗುಮುಖ ಮೋಸಗಾರ ಎಂದು ಇಲ್ಲಿರುವ ಎಲ್ಲರೂ ನನ್ನ ಅಂಗಡಿಯಲ್ಲಿ ಒಪ್ಪಿದ್ದೀರಿ, ಈಗ ಕೈ ಎತ್ತಿ ಎಂದ.

ಒಂದು ಕೈಯೂ ಮೇಲೇಳಲಿಲ್ಲ. ಅವನು ಔಷಧಿ ಅಂಗಡಿಯವನನ್ನು ನೋಡಿದ. ಆತ ಮುಜುಗರದಿಂದ ಎದ್ದು ನಿಂತ.

"ಬೇಜಾರು ಮಾಡ್ಕೋಬೇಡಣ್ಣ. ಗಂಟಲ ಮೇಲೆ ಕತ್ತಿ ಇಟ್ಕೊಂಡು ನೀನು 'ಅಲ್ವಾ' ಅಂತ ಕೇಳಿದ್ರೆ ನಾವು ಹೂಂ ಅನ್ನದೆ ಇನ್ನೇನು ಅನ್ನೋದು?"

ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಸಲೂನಿನವ ನಿಂತೇ ಇದ್ದ. ಇಷ್ಟು ವರ್ಷ ಕತ್ತಿ ಆಡಿಸಿದರೂ ತನ್ನ ಕುರ್ಚಿಯಲ್ಲಿ ಯಾರೂ ತಲೆ ಅಲ್ಲಾಡಿಸಿ ಅಲ್ಲ ಎಂದದ್ದನ್ನು ಅವನು ನೋಡಿರಲಿಲ್ಲ. ಹೇಗೆ ನೋಡುತ್ತಾನೆ? ಗಿರಾಕಿಯ ತಲೆ ಅಲ್ಲಾಡದಂತೆ ಗಟ್ಟಿಯಾಗಿ ಹಿಡಿದುಕೊಳ್ಳುವುದು ಅವನದೇ ಎಡಗೈ. ಅಧ್ಯಕ್ಷನಾದ ನಗುಮುಖ ಕೆಳಗಿಳಿದು ಬಂದು ಅವನ ಬೆನ್ನು ತಟ್ಟಿ, ಆದದ್ದೆಲ್ಲ ಮರೆತುಬಿಡು ಎಂದ.

ಮನೆಗೆ ಬಂದವನು ಅಂಗಿಯನ್ನು ಮೂಲೆಗೆ ಎಸೆದು, ಆದ ಅವಮಾನವನ್ನೆಲ್ಲ ಹೆಂಡತಿಯ ಮುಂದೆ ತೋಡಿಕೊಂಡ. ಒಬ್ಬೊಬ್ಬರ ಕಿವಿಯನ್ನೂ ಕೊಯ್ಯುತ್ತೇನೆ ಎಂದು ಕೂಗಾಡಿದ. ಅವಳು ಕೇಳಿದ್ದು ಒಂದೇ.

"ಅಲ್ಲಿ ಅಕ್ಕನ ವಿಷಯ ಹೇಳಿದ್ರಾ?"

ಇವನು ತಡವರಿಸಿದ. ಅದಕ್ಕೇ ಬರುತ್ತಿದ್ದೆ, ಅಷ್ಟರಲ್ಲಿ ನಕ್ಕುಬಿಟ್ಟರು ಎಂದ.

"ಅಂಗಡೀಲಿ?"

ಅಂಗಡಿಯಲ್ಲೂ ಕಥೆ ಪುಡಿ, ಮೋಸಕ್ಕೇ ಮುಗಿಯುತ್ತಿತ್ತು; ಅವನು ಮೂಲೆಯ ಅಂಗಿಯನ್ನು ಎತ್ತಿ ಕೊಡವತೊಡಗಿದ. ಅವಳು ಮಾರನೆಯ ಬೆಳಿಗ್ಗೆ ಟವೆಲ್ಲುಗಳನ್ನು ನೆನೆಯಲೂ ಹಾಕದೆ, ಕೋಲು ತೆಗೆದುಕೊಂಡು, ಬೀದಿಯ ತಿರುವಿನವರೆಗೆ ಒಂದೊಂದೇ ಹೆಜ್ಜೆ ಇಡುತ್ತ ಹೋದಳು.

ತಗಡಿನ ಚಾವಣಿಯ ಕೆಳಗೆ ಗಿರಾಕಿಗಳಿಗೆಂದು ನಾಲ್ಕು ಪ್ಲಾಸ್ಟಿಕ್ ಕುರ್ಚಿಗಳಿದ್ದವು. ಒಂದರಲ್ಲಿ ಕೂತಳು. ನಗುಮುಖ ಓಡಿಬಂದು, ಬನ್ನಿ ಅಮ್ಮ, ಸೊಂಟಕ್ಕೆ ದಿಂಬು ಕೊಡಲೇ ಎಂದ. ಅವಳು ಬೇಡ ಎಂದಳು. ಸ್ವಲ್ಪ ಹೊತ್ತಿಗೆ ಒಬ್ಬ ಮೇಷ್ಟ್ರು ಕಾರು ನೋಡಲು ಬಂದರು, ಬಾಗಿಲು ತೆಗೆದು ಹಾಕಿ ಮಾಡಿದರು, ಬೆಲೆ ಕೇಳಿದರು. ಅವರು ಅವಳ ಪಕ್ಕ ಬಂದು ಕೂತಾಗ ಅವಳು ಮೆಲ್ಲಗೆ, ದಾರಿ ಕೇಳಿದವರಿಗೆ ದಾರಿ ಹೇಳುವಂತೆ ಹೇಳಿದಳು.

"ಇವರು ಕೊಟ್ಟ ಕಾರಲ್ಲಿ ನಾನು ಅಕ್ಕನ್ನ ನೋಡೋಕೆ ಹೊರಟಿದ್ದೆ. ಅವಳು 'ತಂಗಿ ಬಂದಳಾ' ಅಂತ ಕೇಳ್ತಾನೇ ಪ್ರಾಣ ಬಿಟ್ಟಳು. ನಾನು ದಾರಿ ಮಧ್ಯ ಕೂತಿದ್ದೆ."

ಅಷ್ಟೇ. ಪುಡಿಯ ಮಾತಿಲ್ಲ, ಖರ್ಚಿನ ಮಾತಿಲ್ಲ, ಮೋಸಗಾರ ಎಂಬ ಬೈಗುಳವೂ ಇಲ್ಲ. ಮೇಷ್ಟ್ರು ಅವಳನ್ನು ನೋಡಿದರು, ನಗುಮುಖನನ್ನು ನೋಡಿದರು, ಮನೆಯಲ್ಲಿ ಒಂದು ಮಾತು ಕೇಳಿ ಬರುತ್ತೇನೆ ಎಂದು ಎದ್ದರು. ಮತ್ತೆ ಬರಲಿಲ್ಲ. ಮಧ್ಯಾಹ್ನ ಬಂದ ಅಪ್ಪ ಮಗಳಿಗೂ ಅವಳು ಅಷ್ಟನ್ನೇ ಹೇಳಿದಳು. ಮಗಳು ಕಣ್ಣೊರೆಸಿಕೊಂಡು ಅಪ್ಪನ ತೋಳು ಹಿಡಿದು ಎಳೆದುಕೊಂಡು ಹೋದಳು.

ಅವಳು ದಿನಾ ಹೋದಳು. ನಗುಮುಖ ಮೊದಲು ನಕ್ಕ, ಆಮೇಲೆ ಕುರ್ಚಿಗಳನ್ನು ಒಳಗಿಟ್ಟ. ಅವಳು ಕಾರುಗಳ ಮುಂದಿನ ಕಟ್ಟೆಯ ಮೇಲೆ ಕೂತಳು. ಸೊಂಟ ನೋಯುವ ಹೆಂಗಸನ್ನು ಕಲ್ಲಿನ ಮೇಲೆ ಕೂರಿಸಿದ್ದಾನೆ ನೋಡಿ ಅಧ್ಯಕ್ಷ ಎಂದು ಜನ ಆಡಿಕೊಂಡರು, ಅವನು ಕುರ್ಚಿ ವಾಪಸು ತಂದಿಟ್ಟ. ಬೈದು ಓಡಿಸುವಂತಿರಲಿಲ್ಲ, ಅಧ್ಯಕ್ಷನಲ್ಲವೇ! ಪೊಲೀಸರಿಗೆ ಹೇಳೋಣವೆಂದರೆ ಏನೆಂದು ಹೇಳುವುದು? ಒಬ್ಬರು ಅಕ್ಕನನ್ನು ನೆನೆಸಿಕೊಳ್ಳುತ್ತಿದ್ದಾರೆ ಎಂದೇ? ಕಾರುಗಳ ಮೇಲೆ ಧೂಳು ಕೂತಿತು. ಒಂದು ದಿನ ಅವನ ತುಟಿಯ ತುದಿ ಕೆಳಗೆ ಇಳಿದಿದ್ದನ್ನು ಔಷಧಿ ಅಂಗಡಿಯವ ಕಣ್ಣಾರೆ ನೋಡಿ ಬಂದು ಬೀದಿಗೆಲ್ಲ ಹೇಳಿದ.

ಕೊನೆಗೆ ನಗುಮುಖ ಸಲೂನಿಗೇ ಬಂದ. ಕುರ್ಚಿಯಲ್ಲಿ ಕೂರಲಿಲ್ಲ, ಬಾಗಿಲಲ್ಲೇ ನಿಂತ. ಕಾರು ವಾಪಸು ತಗೋತೀನಿ, ಪೂರ್ತಿ ದುಡ್ಡು ಕೊಡ್ತೀನಿ, ಅಮ್ಮನನ್ನು ಮನೆಗೆ ಕರೆದುಕೊಂಡು ಹೋಗು ಎಂದು ಕೈಮುಗಿದ. ಸಲೂನಿನವನಿಗೆ ಸ್ವರ್ಗ ಮೂರೇ ಗೇಣು. ಕೈಯಲ್ಲಿದ್ದ ಬ್ರಷ್ಷನ್ನು ನಿಧಾನವಾಗಿ ತೊಳೆದ, ಒರೆಸಿದ, ಗೂಡಿನಲ್ಲಿಟ್ಟ. ಆ ಕಾಯುವಿಕೆಯ ಒಂದೊಂದು ಕ್ಷಣವೂ ಅವನಿಗೆ ಸಿಹಿಯಾಗಿತ್ತು. ದುಡ್ಡು ಆಮೇಲೆ, ಮೊದಲು ಜನರನ್ನೆಲ್ಲ ಕರೆದು ಅವಳ ಎದುರು ನಿಂತು ಹೇಳಬೇಕಾದ್ದನ್ನು ಹೇಳು ಎಂದ.

ಅವತ್ತೇ ಸಂಜೆ ತಗಡಿನ ಚಾವಣಿಯ ಕೆಳಗೆ ಬೀದಿ ನೆರೆಯಿತು. ಮೇಸ್ತ್ರಿ ಬಂದ, ಔಷಧಿ ಅಂಗಡಿಯವ ಬಂದ, ಸಭೆಯಲ್ಲಿ ನಕ್ಕವರೆಲ್ಲ ಬಂದರು. ನಗುಮುಖ ಅವಳ ಕುರ್ಚಿಯ ಮುಂದೆ ತಲೆ ತಗ್ಗಿಸಿ ನಿಂತ.

"ಗೊತ್ತಿತ್ತಮ್ಮ. ಪುಡಿ ಹಾಕ್ಸಿದ್ದು ನಾನೇ. ಗೊತ್ತಿದ್ದೂ ಮಾರ್ದೆ. ತಪ್ಪಾಯ್ತು."

ಅವಳು ಅವನನ್ನು ಒಮ್ಮೆ ನೋಡಿದಳು, ಕೋಲೂರಿ ಎದ್ದು ಮನೆಗೆ ನಡೆದಳು. ಸಲೂನಿನವ ಹಿಂದೆಯೇ ಎದೆ ಉಬ್ಬಿಸಿಕೊಂಡು ನಡೆದ. ಕಾರನ್ನು ಎಳೆದುಕೊಂಡು ಹೋದರು, ದುಡ್ಡು ಕೈಸೇರಿತು. ಆ ರಾತ್ರಿ ಅವನು ಹೊಟ್ಟೆ ತುಂಬ ಉಂಡು, ವರ್ಷದ ನಂತರ ಗೊರಕೆ ಹೊಡೆದು ಮಲಗಿದ.

ಬೆಳಿಗ್ಗೆ ಎದ್ದು ನೋಡಿದರೆ ಅವಳು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದಳು. ಎಲ್ಲಿಗೆ ಎಂದ. ಅಲ್ಲಿಗೇ ಎಂದಳು. ಅವನು ದಂಗಾಗಿ, ಒಪ್ಪಿಕೊಂಡನಲ್ಲ, ಬೀದಿಯೆಲ್ಲ ಕೇಳಿತಲ್ಲ, ಇನ್ನೇನು ಬೇಕು ನಿನಗೆ ಎಂದು ಕೇಳಿದ.

"ನಿಮಗೆ ಬೇಕಾಗಿದ್ದು ಸಿಕ್ತು. ನನಗೇನು ಸಿಕ್ತು?"

"ಎಷ್ಟು ದಿನ ಅಂತ ಕೂರ್ತೀಯ?"

"ಅವನ ಅಂಗಡಿ ಬಾಗಿಲು ಹಾಕೋವರೆಗೂ." ಅವಳು ಹೊಸಿಲು ದಾಟಿದಳು. "ಮಧ್ಯಾಹ್ನ ಊಟ ಅಲ್ಲಿಗೇ ತನ್ನಿ."

ಅಂದು ಸಲೂನಿನವ ಬಾಯಿ ಬಿಡದೆ ಕೆಲಸ ಮಾಡಿದ. ಔಷಧಿ ಅಂಗಡಿಯವ ಗಡ್ಡಕ್ಕೆಂದು ಬಂದು ಕೂತು, ಎಲ್ಲ ಮುಗಿಯಿತಲ್ಲ, ಈಗ ಸಮಾಧಾನವೇ ಎಂದು ಕೇಳಿದ. ಇವನಿಗೆ ಹೂಂ ಎನ್ನಲೂ ಆಗಲಿಲ್ಲ. ಮಧ್ಯಾಹ್ನ ಊಟದ ಡಬ್ಬಿ ಹಿಡಿದು ತಿರುವಿಗೆ ಹೋದ. ಅವಳು ಅದೇ ಕುರ್ಚಿಯಲ್ಲಿ ಕೂತಿದ್ದಳು. ನಗುಮುಖ ದೂರದಲ್ಲಿ ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದ. ಅವನ ಮುಖ ನೋಡಿದರೆ ಕುಣಿಯಬೇಕಿತ್ತು ಸಲೂನಿನವ, ಅದು ಆಗಲಿಲ್ಲ. ಡಬ್ಬಿ ಇಟ್ಟು, ಹೆಂಡತಿಯ ಪಕ್ಕದ ಕುರ್ಚಿ ಎಳೆದುಕೊಂಡು ಕೂತು ಕೇಳಿದ.

"ಅಕ್ಕ ಸಂಜೆ ಫೋನಲ್ಲಿ ಏನು ಮಾತಾಡ್ತಿದ್ರು?"

ಅವಳು ಅವನ ಕಡೆ ತಿರುಗಿದಳು. ಒಂದು ವರ್ಷದ ಸಿಟ್ಟು ಆ ಕಣ್ಣಿನಲ್ಲಿತ್ತು, ಅದು ನಗುಮುಖನ ಮೇಲಿನದ್ದಲ್ಲ.

"ಈಗ ಕೇಳ್ತಿದೀರಾ," ಎಂದಳು.

ಅಷ್ಟರಲ್ಲಿ ಗೇಟು ದಾಟಿ ಯಾರೋ ಗಂಡ ಹೆಂಡತಿ ಕಾರು ನೋಡಲು ಒಳಗೆ ಬಂದರು. ಅವಳು ಕೋಲನ್ನು ಪಕ್ಕಕ್ಕಿಟ್ಟು, ಗಂಡನಿಗೆ ಬೆನ್ನು ಮಾಡಿ, ಅವರಿಗೆ ಕೂರಲು ಕೈತೋರಿಸಿದಳು.